ಒಂದೇ ಖಡ್ಗ, ಇಬ್ಬರ ಚೀಲದಲ್ಲಿ: ಆಟದ ವಸ್ತುಗಳ ಲೆಕ್ಕಕ್ಕೆ ಬ್ಲಾಕ್‌ಚೈನ್ ಬೇಕಾ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಒಂದು ಆನ್‌ಲೈನ್ ಆಟ ಮಾಡುತ್ತಿದ್ದೇವೆ. ಕೋಟೆ ಕಾದಾಟದ ಆಟ. ಅದರಲ್ಲಿ ನೂರೇ ನೂರು ವಿಶೇಷ ಖಡ್ಗಗಳಿವೆ, ಪ್ರತಿಯೊಂದಕ್ಕೂ ಒಂದು ನಂಬರ್. ಆಟದ ನಾಣ್ಯ ‘ಹೊನ್ನು’ ಕೊಟ್ಟು ಒಬ್ಬರಿಂದ ಒಬ್ಬರು ಕೊಳ್ಳಬಹುದು. ಪರೀಕ್ಷೆಗೆ ಅಂತ ಇನ್ನೂರು ಜನರಿಗೆ ಬಿಟ್ಟಿದ್ದೆವು. ಒಂದು ರಾತ್ರಿ ಸರ್ವರ್ ಬಿದ್ದುಹೋಯಿತು. ಎದ್ದ ಮೇಲೆ ನೋಡಿದರೆ 17ನೇ ನಂಬರಿನ ಖಡ್ಗ ಮಾರಿದವರ ಚೀಲದಲ್ಲೂ ಇದೆ, 400 ಹೊನ್ನಿಗೆ ಕೊಂಡವರ ಚೀಲದಲ್ಲೂ ಇದೆ! ನಮಗೆ ಹಣ ಹಾಕಲು ಮುಂದೆ ಬಂದಿರುವವರೊಬ್ಬರು “ಬ್ಲಾಕ್‌ಚೈನ್‌ಗೆ ಹಾಕಿಬಿಡಿ, ನಕಲು ಆಗೋದೇ ಇಲ್ಲ” ಅನ್ನುತ್ತಾರೆ. ನಿಜವಾ? ಆಟವನ್ನು ಸ್ಟೀಮ್‌ನಲ್ಲಿ (ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ) ಬಿಡುವ ಯೋಚನೆ ಇದೆ. ಮತ್ತೆ, ಈಗ ಈ ಎರಡು ಖಡ್ಗಗಳನ್ನು ಏನು ಮಾಡೋದು?

ಉತ್ತರ: ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಖಡ್ಗ ಎರಡಾಗಿದ್ದು ಬ್ಲಾಕ್‌ಚೈನ್ ಇಲ್ಲದ ಕಾರಣಕ್ಕಲ್ಲ. ಬ್ಲಾಕ್‌ಚೈನ್ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದೂ ಇಲ್ಲ. ನಿಮ್ಮ ಸರ್ವರ್ ಲೆಕ್ಕ ಬರೆದಿಡುವ ರೀತಿಯಲ್ಲಿ ತಪ್ಪಿದೆ, ಅದನ್ನು ಅಲ್ಲೇ ಸರಿ ಮಾಡಬೇಕು. ಆಟಗಳ ಸರ್ವರ್ ಕೆಲಸದಲ್ಲೇ ನನ್ನ ಬಹಳ ವರ್ಷ ಕಳೆದಿದೆ. ನೀವು ಹೇಳಿದ್ದು ಓದಿದ ಕೂಡಲೇ ಆ ರಾತ್ರಿ ಏನಾಗಿರಬೇಕು ಅಂತ ಕಣ್ಣಿಗೆ ಕಟ್ಟಿದ ಹಾಗಾಯಿತು.

ನೀವು ಒಬ್ಬೊಬ್ಬ ಆಟಗಾರನ ಚೀಲವನ್ನೂ ಒಂದೊಂದು ಗಂಟಾಗಿ ಉಳಿಸುತ್ತಿದ್ದೀರಿ ಅಂತ ನನ್ನ ಅಂದಾಜು. ಚೀಲದಲ್ಲಿರುವ ಎಲ್ಲವನ್ನೂ ಒಟ್ಟಿಗೆ ಕಟ್ಟಿ, ಆಟಗಾರನ ಹೆಸರಿನ ಕೆಳಗೆ ಆಗಾಗ ಉಳಿಸುವುದು. ಹೊಸದಾಗಿ ಆಟ ಬರೆಯುವವರು ಬಹುತೇಕ ಹೀಗೇ ಮಾಡುತ್ತಾರೆ, ಯಾಕಂದ್ರೆ ಸುಲಭ. ಈಗ ಗಡಿಯಾರ ನೋಡುತ್ತಾ ಬನ್ನಿ. 10 ಗಂಟೆ 1 ನಿಮಿಷಕ್ಕೆ ಮಾರುವವರ ಚೀಲ ಉಳಿಯಿತು, ಖಡ್ಗ ಒಳಗಿದೆ. 10 ಗಂಟೆ 2 ನಿಮಿಷಕ್ಕೆ ವ್ಯಾಪಾರ ಆಯಿತು. ಕೊಂಡವರ ಚೀಲ ಮರುಕ್ಷಣವೇ ಉಳಿಯಿತು: ಖಡ್ಗ ಬಂದಿದೆ, 400 ಹೊನ್ನು ಹೋಗಿದೆ. ಮಾರಿದವರ ಚೀಲ ಮತ್ತೆ ಉಳಿಯುವ ಸರದಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಸರ್ವರ್ ಬಿತ್ತು. ಎದ್ದಾಗ ಅದರ ಕೈಲಿರುವುದು 10 ಗಂಟೆ 1 ನಿಮಿಷದ ಹಳೇ ಚೀಲ. ಅದರಲ್ಲಿ ಖಡ್ಗ ಇದೆ. ಕೊಂಡವರ ಚೀಲದಲ್ಲೂ ಇದೆ. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಎರಡು ಕಡೆ ಬರೆಯಬೇಕಾದ ಒಂದು ವ್ಯವಹಾರವನ್ನು ಒಂದು ಕಡೆ ಬರೆದು, ಇನ್ನೊಂದು ಕಡೆ ಬರೆಯುವ ಮೊದಲೇ ಪುಸ್ತಕ ಮುಚ್ಚಿಹೋಯಿತು, ಅಷ್ಟೆ.

ಈ ಕಾಯಿಲೆ ಹಳೆಯದು. 2000ದಲ್ಲಿ ಬಂದ ‘ಡಯಾಬ್ಲೋ 2’ ಆಟದಲ್ಲಿ ‘ಸ್ಟೋನ್ ಆಫ್ ಜೋರ್ಡನ್’ ಅಂತ ಒಂದು ಉಂಗುರ ಇತ್ತು. ಜನ ಅದನ್ನೇ ದುಡ್ಡಿನ ಹಾಗೆ ಬಳಸತೊಡಗಿದರು: ಈ ಕವಚಕ್ಕೆ ಎಷ್ಟು ಉಂಗುರ, ಆ ಗದೆಗೆ ಎಷ್ಟು ಉಂಗುರ. ಬೇಕೆಂದೇ ಸರ್ವರ್ ತಡವರಿಸುವ ಹಾಗೆ ಮಾಡಿ, ಉಳಿಸುವ ಹೊತ್ತು ತಪ್ಪಿಸಿ, ಉಂಗುರವನ್ನು ನಕಲು ಮಾಡುವವರು ಹುಟ್ಟಿಕೊಂಡರು. ಇದಕ್ಕೆ ಆಟಗಾರರ ಭಾಷೆಯಲ್ಲಿ ‘ಡ್ಯೂಪ್’ ಅನ್ನುತ್ತಾರೆ. ಕಂಪನಿ ಒಂದೇ ಗುರುತಿನ ನಂಬರ್ ಇರುವ ವಸ್ತುಗಳನ್ನು ಹುಡುಕಿ ಗುಡಿಸಿ ಹಾಕುವ ಕೆಲಸ ಶುರು ಮಾಡಿತು. ಆಗ ಪೆಟ್ಟು ಬಿದ್ದಿದ್ದು ನಕಲು ಮಾಡಿದವರಿಗೆ ಮಾತ್ರ ಅಲ್ಲ. ಗೊತ್ತಿಲ್ಲದೆ ನಕಲು ಮಾಲು ಕೊಂಡ ಸಾಧಾರಣ ಆಟಗಾರರ ಚೀಲದಿಂದಲೂ ವಸ್ತು ಮಾಯವಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ 17ನೇ ಖಡ್ಗದ ಮಾತಿಗೆ ಬಂದಾಗ ಬೇಕಾಗುತ್ತದೆ.

ಇನ್ನು ಬ್ಲಾಕ್‌ಚೈನ್ ನಿಜಕ್ಕೂ ಏನು ಮಾಡುತ್ತದೆ ಅಂತ ನೋಡೋಣ. ಅದು ಒಂದು ಪುಸ್ತಕ. ಸಾವಿರಾರು ಕಂಪ್ಯೂಟರ್‌ಗಳಲ್ಲಿ ಅದರ ಪ್ರತಿ ಇರುತ್ತದೆ. ಹೊಸ ಸಾಲು ಸೇರಿಸಬಹುದು, ಹಳೆಯದನ್ನು ಯಾರೂ ಗುಟ್ಟಾಗಿ ತಿದ್ದಲು ಆಗುವುದಿಲ್ಲ. ಈಥೀರಿಯಂ ಅನ್ನುವ ಬ್ಲಾಕ್‌ಚೈನ್‌ನಲ್ಲಿ ಒಂಟಿ ವಸ್ತುಗಳಿಗೆ ಅಂತಲೇ ಇಆರ್‌ಸಿ-721 ಎಂಬ ನಿಯಮ ಇದೆ, 2018ರ ಜನವರಿಯಲ್ಲಿ ಮುಂದಿಟ್ಟದ್ದು. ಅದರ ತಿರುಳು ಬಹಳ ಸಣ್ಣದು. ಒಂದು ನಂಬರ್, ಆ ನಂಬರಿಗೆ ಒಬ್ಬ ಒಡೆಯ. “17 ಯಾರದ್ದು?” ಅಂತ ಕೇಳಿದರೆ ಒಂದೇ ವಿಳಾಸ ಉತ್ತರವಾಗಿ ಬರುತ್ತದೆ. ಎರಡು ಬರಲು ಸಾಧ್ಯವೇ ಇಲ್ಲ. ನಿಮಗೆ ಹಣ ಹಾಕುವವರು ಹೇಳಿದ್ದು ಇಷ್ಟರ ಮಟ್ಟಿಗೆ ಸರಿ.

ಆದರೆ ಆ ಪುಸ್ತಕದಲ್ಲಿ ಇರುವುದು ನಂಬರ್ ಮತ್ತು ಒಡೆಯ ಮಾತ್ರ. ಖಡ್ಗ ಅಲ್ಲಿಲ್ಲ. ಅದರ ಹರಿತ, ಹೊಳಪು, ಬೀಸಿದಾಗ ಬರುವ ಸದ್ದು, ಹೊಡೆತಕ್ಕೆ ಎದುರಾಳಿಯ ಜೀವ ಎಷ್ಟು ಇಳಿಯಬೇಕು ಅನ್ನುವ ಲೆಕ್ಕ, ಎಲ್ಲವೂ ನಿಮ್ಮ ಸರ್ವರ್‌ನಲ್ಲಿ ಮತ್ತು ಆಟಗಾರನ ಕಂಪ್ಯೂಟರ್‌ನಲ್ಲಿ ಇರುತ್ತದೆ.

ಕೆರೆ ಬಯಲಿನ ಊರಿನವರಾದರೆ ಇದು ಬೇಗ ಅರ್ಥವಾಗುತ್ತದೆ. ಗದ್ದೆಯ ಪಹಣಿ ನಿಮ್ಮ ಹೆಸರಲ್ಲೇ ಇರಬಹುದು. ಆದರೆ ಕೆರೆಯ ತೂಬು ಎತ್ತಿ ನಿಮ್ಮ ಗದ್ದೆಗೆ ನೀರು ಬಿಡುವವನು ನೀರುಗಂಟಿ. ಅವನು ನೀರು ಬಿಡದಿದ್ದರೆ ಪಹಣಿ ಹಿಡಿದುಕೊಂಡು ಬೆಳೆ ತೆಗೆಯಲು ಆಗುವುದಿಲ್ಲ ಅಲ್ವಾ? ಬ್ಲಾಕ್‌ಚೈನ್ ಪಹಣಿ. ನಿಮ್ಮ ಸರ್ವರ್ ನೀರುಗಂಟಿ. ಕಾದಾಟ ನಡೆಯುವಾಗ ಸರ್ವರ್ ಪ್ರತಿ ಹೊಡೆತಕ್ಕೂ ಪಹಣಿ ಕಚೇರಿಗೆ ಹೋಗಿ ಕೇಳಲು ಆಗುವುದಿಲ್ಲ. ಈಥೀರಿಯಂನಲ್ಲಿ ಹೊಸ ಪುಟ ಬರುವುದು 12 ಸೆಕೆಂಡಿಗೊಮ್ಮೆ. ಕೌಂಟರ್-ಸ್ಟ್ರೈಕ್‌ನಂಥ ಆಟದ ಸರ್ವರ್ ಒಂದು ಸೆಕೆಂಡಿನಲ್ಲೇ 64 ಸಲ ಲೆಕ್ಕ ಹಾಕುತ್ತದೆ. ಹಾಗಾಗಿ ಯಾರೇ ಆದರೂ ಚೈನ್‌ನಲ್ಲಿರುವುದರ ಒಂದು ನಕಲನ್ನು ತಮ್ಮ ಡೇಟಾಬೇಸ್‌ನಲ್ಲಿ ಇಟ್ಟುಕೊಂಡೇ ಆಟ ನಡೆಸಬೇಕು. ಆ ನಕಲನ್ನು ನೀವು ಈಗಿನ ಹಾಗೆಯೇ ಚೀಲ ಚೀಲವಾಗಿ ಉಳಿಸಿದರೆ, ಸರ್ವರ್ ಬಿದ್ದ ರಾತ್ರಿ ಮತ್ತೆ ಇಬ್ಬರು ಒಂದೇ ಖಡ್ಗ ಬೀಸುತ್ತಿರುತ್ತಾರೆ. ಚೈನ್‌ನಲ್ಲಿ ಮಾತ್ರ ಒಬ್ಬನೇ ಒಡೆಯ ಅಂತ ಸರಿಯಾಗಿ ಬರೆದಿರುತ್ತದೆ.

ಈಥೀರಿಯಂ ಹುಟ್ಟುಹಾಕಿದ ವಿಟಾಲಿಕ್ ಬುಟೆರಿನ್ ಬಗ್ಗೆ ಒಂದು ಮಾತು. ಅವರು ಚಿಕ್ಕ ವಯಸ್ಸಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಿದ್ದರು. ಒಂದು ದಿನ ಕಂಪನಿ ಅವರ ಪಾತ್ರಕ್ಕಿದ್ದ ‘ಸೈಫನ್ ಲೈಫ್’ ಅನ್ನುವ ಮಂತ್ರದ ಏಟನ್ನು ತೆಗೆದುಹಾಕಿತು. ಅವತ್ತು ಅತ್ತು ಮಲಗಿದೆ, ಒಂದೇ ಕಡೆ ಅಧಿಕಾರ ಇದ್ದರೆ ಏನಾಗುತ್ತದೆ ಅಂತ ಅವತ್ತೇ ಗೊತ್ತಾಯಿತು ಅಂತ ತಮ್ಮ ಪರಿಚಯದಲ್ಲಿ ಬರೆದುಕೊಂಡಿದ್ದಾರೆ. ಆ ನೋವು ನಿಜ, ನನಗೂ ಅರ್ಥವಾಗುತ್ತದೆ. ಆದರೆ ಆ ಮಂತ್ರ ಚೈನ್ ಮೇಲಿನ ಟೋಕನ್ (ಒಡೆಯನ ಹೆಸರಿಗೆ ಬರೆದ ನಂಬರ್) ಆಗಿದ್ದರೂ ಅದರ ಏಟು ಎಷ್ಟು ಅನ್ನುವುದು ಸರ್ವರ್‌ನಲ್ಲೇ ಇರುತ್ತಿತ್ತು. ಮಂತ್ರ ಅವರ ಹೆಸರಲ್ಲೇ ಉಳಿಯುತ್ತಿತ್ತು, ಏಟು ಹೋಗುತ್ತಿತ್ತು.

ಬ್ಲಾಕ್‌ಚೈನ್ ಆಟಗಳಲ್ಲಿ ಮೊದಲು ಹೆಸರು ಮಾಡಿದ ‘ಕ್ರಿಪ್ಟೋಕಿಟ್ಟೀಸ್’ ಕೂಡ ಇದನ್ನೇ ತೋರಿಸುತ್ತದೆ. 2017ರ ಕೊನೆಯಲ್ಲಿ ಬಂದ ಬೆಕ್ಕು ಸಾಕುವ ಆಟ. ಎಷ್ಟು ಜನ ಮುಗಿಬಿದ್ದರು ಅಂದರೆ ಇಡೀ ಈಥೀರಿಯಂ ಟ್ರಾಫಿಕ್ ಜಾಮ್ ಆದ ಹಾಗೆ ನಿಧಾನವಾಯಿತು. ಪ್ರತಿ ಬೆಕ್ಕಿನ ವಂಶದ ಗುಣಗಳು ಒಂದು ದೊಡ್ಡ ಸಂಖ್ಯೆಯಾಗಿ ಚೈನ್‌ನಲ್ಲಿದ್ದವು. ಆ ಸಂಖ್ಯೆ ನೋಡಿ ಕಿವಿ ಹೀಗೆ, ಕಣ್ಣು ಹೀಗೆ ಅಂತ ಬೆಕ್ಕಿನ ಚಿತ್ರ ಬರೆದು ತೋರಿಸುತ್ತಿದ್ದದ್ದು ಮಾತ್ರ ಕಂಪನಿಯ ಸರ್ವರ್.

ಆ ಸರ್ವರ್ ಮುಚ್ಚಿದರೆ ಏನು ಗತಿ? ಇದಕ್ಕೆ ನಡೆದ ಉದಾಹರಣೆಯೇ ಇದೆ. ‘ಎಫ್1 ಡೆಲ್ಟಾ ಟೈಮ್’ ಅನ್ನುವ ಕಾರು ರೇಸಿನ ಆಟ. ಅನಿಮೋಕಾ ಬ್ರಾಂಡ್ಸ್ ಕಂಪನಿಯದು, ಫಾರ್ಮುಲಾ 1ರ ಪರವಾನಗಿ ಪಡೆದು ಮಾಡಿದ್ದು. 2019ರ ಮೇ ತಿಂಗಳಲ್ಲಿ ಅದರ ‘1-1-1’ ಅನ್ನುವ ಒಂದೇ ಒಂದು ಕಾರು ಹರಾಜಿನಲ್ಲಿ 1 ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಪರವಾನಗಿ ಮುಂದುವರಿಯಲಿಲ್ಲ, ಆಟ ಮುಚ್ಚಿತು. ಟೋಕನ್‌ಗಳು ಎಲ್ಲೂ ಹೋಗಲಿಲ್ಲ, ಒಡೆಯರ ಹೆಸರಲ್ಲೇ ಇದ್ದವು. ಓಡಿಸಲು ರಸ್ತೆ ಇರಲಿಲ್ಲ. ಕಂಪನಿ ತನ್ನ ಇನ್ನೊಂದು ರೇಸಿಂಗ್ ಆಟದಲ್ಲಿ ಬದಲಿ ಕಾರು ಕೊಡುವುದಾಗಿ ಹೇಳಿತು, ಅದು ಒಳ್ಳೆಯ ನಡೆಯೇ. ಆದರೆ ಗಮನಿಸಿ: ಒಡೆಯರನ್ನು ಕಾದದ್ದು ಚೈನ್ ಅಲ್ಲ, ಕಂಪನಿಯ ಮನಸ್ಸು.

ಯುಬಿಸಾಫ್ಟ್ ಕೂಡ 2021ರ ಡಿಸೆಂಬರ್‌ನಲ್ಲಿ ‘ಕ್ವಾರ್ಟ್ಜ್’ ಹೆಸರಲ್ಲಿ ಇದೇ ಪ್ರಯೋಗ ಮಾಡಿತು. ‘ಘೋಸ್ಟ್ ರಿಕಾನ್ ಬ್ರೇಕ್‌ಪಾಯಿಂಟ್’ ಆಟದಲ್ಲಿ ನಂಬರ್ ಹಾಕಿದ ಬಂದೂಕು, ಹೆಲ್ಮೆಟ್, ಪ್ಯಾಂಟು. ಹೆಲ್ಮೆಟ್ ಪಡೆಯಲು 600 ಗಂಟೆ ಆಡಿರಬೇಕಿತ್ತು. ನಾಲ್ಕೇ ತಿಂಗಳಲ್ಲಿ ಆ ಆಟಕ್ಕೆ ಇನ್ನು ಹೊಸದೇನೂ ಬರುವುದಿಲ್ಲ ಅಂತ ಕಂಪನಿಯೇ ಹೇಳಿತು. 600 ಗಂಟೆ ಅಂದರೆ ಸುಮ್ನೆ ಅಲ್ಲ. ದಿನಕ್ಕೆ ಎರಡು ಗಂಟೆಯಂತೆ ಹತ್ತು ತಿಂಗಳು.

ಈಗ ಇನ್ನೊಂದು ಕಡೆ ನೋಡಿ. ಆಟದ ಒಂಟಿ ವಸ್ತುಗಳ ಅತಿ ದೊಡ್ಡ ಸಂತೆಗಳಲ್ಲಿ ಒಂದು ನಡೆಯುವುದು ಬ್ಲಾಕ್‌ಚೈನ್ ಇಲ್ಲದೆಯೇ. ಕೌಂಟರ್-ಸ್ಟ್ರೈಕ್ ಆಟಕ್ಕೆ 2013ರ ಆಗಸ್ಟ್‌ನಲ್ಲಿ ಬಂದೂಕುಗಳ ಬಣ್ಣದ ಹೊದಿಕೆಗಳು ಬಂದವು, ‘ಸ್ಕಿನ್’ ಅನ್ನುತ್ತಾರೆ. ಪ್ರತಿ ಸ್ಕಿನ್ ಹುಟ್ಟುವಾಗ ಅದಕ್ಕೆ 0 ಮತ್ತು 1ರ ನಡುವಿನ ಒಂದು ಸಂಖ್ಯೆ ಬೀಳುತ್ತದೆ, ಅದಕ್ಕೆ ‘ಫ್ಲೋಟ್’ ಅಂತ ಹೆಸರು. ಎಷ್ಟು ಸವೆದ ಹಾಗೆ ಕಾಣಬೇಕು ಅನ್ನುವುದನ್ನು ಅದು ಹೇಳುತ್ತದೆ. ದಶಮಾಂಶದ ಮುಂದೆ ಎಷ್ಟೋ ಅಂಕಿಗಳಿರುವ ಸಂಖ್ಯೆ, ಎಷ್ಟು ಆಡಿದರೂ ಬದಲಾಗುವುದಿಲ್ಲ. ಬಣ್ಣ ಎಲ್ಲಿ ಹೇಗೆ ಕೂರಬೇಕು ಅನ್ನುವುದಕ್ಕೆ ಇನ್ನೊಂದು ಸಂಖ್ಯೆ. ಇಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಒಂದಿದೆ. ಸ್ಟೀಮ್‌ನಲ್ಲಿ ವಸ್ತು ಒಬ್ಬರಿಂದ ಒಬ್ಬರಿಗೆ ಹೋದಾಗ ಅದರ ಐಡಿ ಬದಲಾಗುತ್ತದೆ. ಆದರೂ ಸಂಗ್ರಹ ಮಾಡುವವರು ಫ್ಲೋಟ್ ಹಿಡಿದುಕೊಂಡು ಒಂದು ಬಂದೂಕು ಯಾವ ಯಾವ ಕೈ ದಾಟಿ ಬಂತು ಅಂತ ಪಟ್ಟಿ ಇಟ್ಟಿರುತ್ತಾರೆ. ಮಚ್ಚೆ ನೋಡಿ ಹಸು ಗುರುತಿಸುವ ಹಾಗೆ.

2018ರ ಜನವರಿಯಲ್ಲಿ ಬಾಸ್ಟನ್‌ನ ದೊಡ್ಡ ಪಂದ್ಯದ ನೆನಪಿನ ‘ಡ್ರ್ಯಾಗನ್ ಲೋರ್’ ಬಂದೂಕೊಂದು 61,000 ಡಾಲರ್‌ಗೂ ಮೇಲೆ ಮಾರಾಟವಾಯಿತು. ಗೆದ್ದ ಕ್ಲೌಡ್9 ತಂಡದ ಆಟಗಾರ ಸ್ಕಾಡೂಡಲ್ ಅವರ ಸಹಿ ಅದರ ಮೇಲಿತ್ತು. ಜನ ದುಡ್ಡು ಕೊಟ್ಟಿದ್ದು ಬಣ್ಣಕ್ಕಲ್ಲ, ಆ ಪಂದ್ಯದ ನೆನಪಿಗೆ. ಆ ನೆನಪು ನಿಂತಿರುವುದು ಕೌಂಟರ್-ಸ್ಟ್ರೈಕ್ ಮತ್ತು ಸ್ಟೀಮ್ ಎರಡನ್ನೂ ನಡೆಸುವ ವಾಲ್ವ್ ಕಂಪನಿಯ ಡೇಟಾಬೇಸ್‌ನಲ್ಲಿ. 2023ರಲ್ಲಿ ಹಳೆಯ ಆಟ ಹೋಗಿ ‘ಕೌಂಟರ್-ಸ್ಟ್ರೈಕ್ 2’ ಬಂದಾಗ ಹತ್ತು ವರ್ಷದ ಹಿಂದಿನ ಸ್ಕಿನ್‌ಗಳೂ ಹೊಸ ಆಟಕ್ಕೆ ಬಂದವು. ಲೆಕ್ಕ ಇಟ್ಟವರು ಮತ್ತು ಆಟ ಮಾಡಿದವರು ಒಬ್ಬರೇ ಆಗಿದ್ದರು, ಬಿಡಬಾರದು ಅಂತ ಅವರಿಗೆ ಇತ್ತು.

ಅದೇ ವಾಲ್ವ್ ಕಂಪನಿ ನಕಲಿನ ಇನ್ನೊಂದು ಮುಖವನ್ನೂ ಕಂಡಿದೆ, ಅದು ನಿಮಗೂ ಎದುರಾಗುತ್ತದೆ. ಯಾರದೋ ಅಕೌಂಟ್‌ಗೆ ಕಳ್ಳರು ನುಗ್ಗಿ ವಸ್ತುಗಳನ್ನು ಸಾಗಿಸಿಬಿಡುತ್ತಾರೆ. ಕಳಕೊಂಡವರು ಅಳುತ್ತಾ ಬರೆಯುತ್ತಾರೆ. ಕದ್ದ ಮಾಲು ಆಗಲೇ ನಾಲ್ಕು ಕೈ ದಾಟಿದೆ, ಕೊನೆಯಲ್ಲಿ ಕೊಂಡವನು ಅಮಾಯಕ. ಏನು ಮಾಡುತ್ತೀರಿ? ಕಂಪನಿ ಒಂದಷ್ಟು ಕಾಲ ಕಳಕೊಂಡವರಿಗೆ ಅದೇ ವಸ್ತುವಿನ ಇನ್ನೊಂದು ಪ್ರತಿ ಮಾಡಿ ಕೊಟ್ಟಿತು. ಅಂದರೆ ನಕಲು ಹುಟ್ಟಿದ್ದು ಕನಿಕರದಿಂದ. ಹೀಗೆ ಮಾಡಿದರೆ ಅಪರೂಪದ ವಸ್ತುಗಳ ಸಂಖ್ಯೆ ಹೆಚ್ಚಿ ಉಳಿದವರ ವಸ್ತುವಿನ ಬೆಲೆ ಬೀಳುತ್ತದೆ ಅಂತ 2015ರ ಡಿಸೆಂಬರ್‌ನಲ್ಲಿ ಕಂಪನಿಯೇ ವಿವರಿಸಿತು. ಆಗ ತಿಂಗಳಿಗೆ ಸುಮಾರು 77,000 ಅಕೌಂಟ್‌ಗಳು ಹೀಗೆ ಲೂಟಿಯಾಗುತ್ತಿದ್ದವಂತೆ. ಮುಂದೆ 2025ರ ಜುಲೈಯಲ್ಲಿ ಕೌಂಟರ್-ಸ್ಟ್ರೈಕ್ 2ರಲ್ಲಿ ಏಳು ದಿನದ ಒಳಗೆ ವ್ಯಾಪಾರ ಹಿಂದಕ್ಕೆ ತಿರುಗಿಸುವ ವ್ಯವಸ್ಥೆ ತಂದರು. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ದಾರಿ. ಹೊಸ ಪ್ರತಿ ಹುಟ್ಟಿಸುವುದಿಲ್ಲ, ಹೋದದ್ದನ್ನೇ ವಾಪಸ್ ತರುತ್ತದೆ.

ಬ್ಲಾಕ್‌ಚೈನ್‌ನಲ್ಲಿ ಈ ದಾರಿ ತಾನಾಗಿ ಸಿಗುವುದಿಲ್ಲ. ವಾಲೆಟ್‌ನ (ಟೋಕನ್‌ಗಳ ಡಿಜಿಟಲ್ ಪರ್ಸು) 12 ಅಥವಾ 24 ಪದಗಳ ಗುಟ್ಟು ಕಳ್ಳನಿಗೆ ಸಿಕ್ಕರೆ ಖಡ್ಗ ಅವನದ್ದು. ಬರೆದಿಟ್ಟ ಚೀಟಿ ಮಳೆಯಲ್ಲಿ ನೆನೆದುಹೋದರೆ ಖಡ್ಗ ಯಾರದ್ದೂ ಅಲ್ಲ. ಹಿಂದಕ್ಕೆ ತಿರುಗಿಸುವ ಅಧಿಕಾರವನ್ನು ಕಾಂಟ್ರಾಕ್ಟ್‌ನಲ್ಲಿ (ಚೈನ್ ಮೇಲೆ ಓಡುವ ಪ್ರೋಗ್ರಾಂ) ನೀವೇ ಇಟ್ಟುಕೊಳ್ಳಬಹುದು, ಆದರೆ ಆಗ “ಕಂಪನಿಯ ಕೈಲಿ ಏನೂ ಇಲ್ಲ” ಅನ್ನುವ ಮಾತು ಉಳಿಯುವುದಿಲ್ಲ. ನಿಮ್ಮ ಆಟ ಆಡುವವರಲ್ಲಿ ಹದಿನಾರು ವರ್ಷದ ಹುಡುಗರು, ಹುಡುಗಿಯರು ಇರುತ್ತಾರೆ. ಒಂದು ಚೀಟಿ ಕಳೆದರೆ ಒಂದು ವರ್ಷದ ಆಟ ಹೋಯಿತು ಅನ್ನುವ ಸ್ಥಿತಿಗೆ ಅವರನ್ನು ತಳ್ಳಬೇಡಿ.

ಹಾಗಾದರೆ ಬ್ಲಾಕ್‌ಚೈನ್‌ನಿಂದ ಉಪಯೋಗವೇ ಇಲ್ಲವಾ? ಇದೆ. ನಿಮಗೆ ಹಣ ಹಾಕುವವರ ಮಾತನ್ನು ಪೂರಾ ತಳ್ಳಿಹಾಕಬೇಡಿ.

ಒಂದು, ನೂರೇ ನೂರು ಅನ್ನುವ ಮಾತು. ಈಗ ನೀವು “ನೂರಕ್ಕಿಂತ ಜಾಸ್ತಿ ಮಾಡುವುದಿಲ್ಲ” ಅಂತ ಹೇಳಿದರೆ ಆಟಗಾರರು ನಿಮ್ಮ ಮುಖ ನೋಡಿ ನಂಬಬೇಕು. ನಾಳೆ ದುಡ್ಡಿನ ಕಷ್ಟ ಬಂದು ನೀವು ಗುಟ್ಟಾಗಿ 101ನೆಯದನ್ನು ಮಾಡಿದರೆ ಅವರಿಗೆ ತಿಳಿಯುವುದಿಲ್ಲ. ಚೈನ್‌ನಲ್ಲಿ ನೂರರ ಮಿತಿ ಬರೆದಿಟ್ಟರೆ ಯಾರು ಬೇಕಾದರೂ ನೋಡಿ ಎಣಿಸಬಹುದು. (ಅದೇ ಚಿತ್ರ ಹಾಕಿ ಇನ್ನೊಂದು ಹೊಸ ಕಾಂಟ್ರಾಕ್ಟ್ ಮಾಡುವುದನ್ನು ಚೈನ್ ತಡೆಯುವುದಿಲ್ಲ. ಆದರೂ ಅದು ಎಲ್ಲರ ಕಣ್ಣೆದುರಿಗೇ ಆಗುತ್ತದೆ.)

ಇನ್ನೊಂದು, ಕಂಪನಿಯ ಒಪ್ಪಿಗೆ ಕೇಳದೆ ಮಾರುವ ಸ್ವಾತಂತ್ರ್ಯ. ಆಪ್‌ಸ್ಕಿನ್ಸ್ ಅನ್ನುವ ಮಾರುಕಟ್ಟೆಯಲ್ಲಿ ಜನ ಸ್ಕಿನ್ ಮಾರುತ್ತಿದ್ದರು. 2018ರ ಜೂನ್‌ನಲ್ಲಿ ವಾಲ್ವ್ ಅದರ ಸ್ಟೀಮ್ ಅಕೌಂಟ್‌ಗಳನ್ನೇ ಮುಚ್ಚುವುದಾಗಿ ಹೇಳಿತು. ನೀರುಗಂಟಿಗೆ ಕೋಪ ಬಂದರೆ ಹೀಗೆ. ಚೈನ್ ಮೇಲಿನ ಮಾರಾಟವನ್ನು ಹಾಗೆ ಒಂದು ಗುಂಡಿ ಒತ್ತಿ ನಿಲ್ಲಿಸಲಾಗುವುದಿಲ್ಲ. ಒಬ್ಬರನ್ನೊಬ್ಬರು ನಂಬದ ನಾಲ್ಕೈದು ಕಂಪನಿಗಳು ಒಂದೇ ವಸ್ತುವನ್ನು ತಮ್ಮ ತಮ್ಮ ಆಟದಲ್ಲಿ ಒಪ್ಪಿಕೊಳ್ಳುತ್ತವೆ ಅಂತಾದರೆ, ಯಾರ ಮನೆಯಲ್ಲೂ ಇರದ ಪುಸ್ತಕ ಬೇಕಾಗುತ್ತದೆ. ಅಲ್ಲಿ ಚೈನ್‌ಗೆ ನಿಜವಾದ ಕೆಲಸ ಇದೆ. ನಿಮ್ಮದು ಒಂದೇ ಆಟ, ಒಂದೇ ಸರ್ವರ್. ನಿಮಗೆ ಆ ಅಗತ್ಯ ಕಾಣುತ್ತಿಲ್ಲ.

ಖರ್ಚು ಕಡಿಮೆ ಆಗಲಿ ಅಂತ ಸಣ್ಣ ಚೈನ್ ಹಿಡಿಯೋಣ ಅನ್ನುವವರೂ ಇರುತ್ತಾರೆ. ಅವರಿಗೆ ‘ಆಕ್ಸಿ ಇನ್ಫಿನಿಟಿ’ ಕಥೆ ಹೇಳಿ. ವಿಯೆಟ್ನಾಮಿನ ಸ್ಕೈ ಮೇವಿಸ್ ಕಂಪನಿಯ ಆಟ, ಅವರದ್ದೇ ರೋನಿನ್ ಚೈನ್. ಆಗ ಅದನ್ನು ಕಾಯುತ್ತಿದ್ದದ್ದು ಒಂಬತ್ತು ಕೀಲಿಗಳು, ಐದು ಸೇರಿದರೆ ಬಾಗಿಲು ತೆರೆಯುತ್ತಿತ್ತು. 2022ರ ಮಾರ್ಚ್ 23ರಂದು ಐದು ಕೀಲಿಗಳು ಕಳ್ಳರ ಕೈಸೇರಿ 1,73,600 ಈಥರ್ (ಈಥೀರಿಯಂನ ನಾಣ್ಯ) ಮತ್ತು 2.55 ಕೋಟಿ ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ನಾಣ್ಯ) ಹೋಯಿತು. ಆಗಿನ ಬೆಲೆಯಲ್ಲಿ 60 ಕೋಟಿ ಡಾಲರ್‌ಗೂ ಜಾಸ್ತಿ. ಕಂಪನಿಗೆ ಗೊತ್ತಾಗಿದ್ದು ಆರು ದಿನ ಆದ ಮೇಲೆ. ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸ ಅಂತ ಅಮೆರಿಕದ ಎಫ್‌ಬಿಐ ಹೇಳಿತು. ಒಂಬತ್ತು ಕೀಲಿಯ ಚೈನ್ ಅಂದರೆ ಅದು ಹೆಚ್ಚೂ ಕಡಿಮೆ ಒಂದು ಕಂಪನಿಯ ಡೇಟಾಬೇಸೇ.

ನಿಮ್ಮ ಯೋಜನೆಗೆ ನೇರ ತಾಗುವ ಎರಡು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಕ್ರಿಪ್ಟೋ ನಾಣ್ಯ ಅಥವಾ ಎನ್‌ಎಫ್‌ಟಿ (ಮೇಲೆ ಹೇಳಿದಂಥ ಒಂಟಿ ಟೋಕನ್) ಕೊಡುವ, ಅದಲು ಬದಲು ಮಾಡಲು ಬಿಡುವ ಆಟಗಳನ್ನು ಸ್ಟೀಮ್ 2021ರ ಅಕ್ಟೋಬರ್‌ನಿಂದ ತೆಗೆದುಕೊಳ್ಳುವುದಿಲ್ಲ. ಖಡ್ಗವನ್ನು ಚೈನ್‌ಗೆ ಹಾಕಿದರೆ ನಿಮ್ಮ ಸ್ಟೀಮ್ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ಇನ್ನು ನಮ್ಮ ದೇಶದಲ್ಲಿ ಎನ್‌ಎಫ್‌ಟಿಯನ್ನು ‘ವರ್ಚುವಲ್ ಡಿಜಿಟಲ್ ಆಸ್ತಿ’ ಅಂತ ಹಿಡಿಯುತ್ತಾರೆ. 2022ರ ಏಪ್ರಿಲ್‌ನಿಂದ ಅದರ ಲಾಭಕ್ಕೆ 30% ತೆರಿಗೆ, ಜುಲೈಯಿಂದ ವರ್ಗಾವಣೆಗೆ 1% ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಖಡ್ಗ ಮಾರಿ ಖುಷಿಪಟ್ಟ ಕಾಲೇಜು ಹುಡುಗಿ ಮರುವರ್ಷ ಆಡಿಟರ್ ಹುಡುಕಬೇಕಾದೀತು.

ಈಗ ನಿಮ್ಮ ಪುಸ್ತಕ ಹೇಗಿರಬೇಕು ಅನ್ನುವುದು. ಇದೇ ನಿಜವಾದ ಕೆಲಸ.

ಚೀಲ ಉಳಿಸುವುದನ್ನು ಬಿಡಿ, ಖಡ್ಗ ಉಳಿಸಿ. ಡೇಟಾಬೇಸ್‌ನಲ್ಲಿ ಒಂದು ಖಡ್ಗಕ್ಕೆ ಒಂದೇ ಸಾಲು. ಆ ಸಾಲಿನಲ್ಲಿ ನಂಬರ್, ಜಾತಿ, ಒಡೆಯ. ಒಡೆಯ ಅನ್ನುವ ಮನೆ ಒಂದೇ ಇರುವುದರಿಂದ ಅಲ್ಲಿ ಎರಡು ಹೆಸರು ಕೂರಲು ಜಾಗವೇ ಇಲ್ಲ. ಆಟಗಾರನ ಚೀಲ ಅಂದರೆ “ಒಡೆಯನ ಜಾಗದಲ್ಲಿ ಇವನ ಹೆಸರಿರುವ ಸಾಲುಗಳು ಯಾವುವು” ಅಂತ ಹುಡುಕಿ ತೋರಿಸುವುದು ಅಷ್ಟೆ. ನಂಬರಿಗೆ ‘ಯುನೀಕ್’ ನಿರ್ಬಂಧ ಹಾಕಿ, ಆಗ 17 ಅನ್ನುವ ಎರಡನೇ ಸಾಲನ್ನು ಡೇಟಾಬೇಸೇ ಒಪ್ಪುವುದಿಲ್ಲ.

ವ್ಯಾಪಾರವನ್ನು ಒಂದೇ ಟ್ರಾನ್ಸಾಕ್ಷನ್ ಒಳಗೆ ಮಾಡಿ. ಖಡ್ಗದ ಒಡೆಯ ಬದಲಾಗುವುದು, ಒಬ್ಬರ ಹೊನ್ನು ಇಳಿಯುವುದು, ಇನ್ನೊಬ್ಬರ ಹೊನ್ನು ಏರುವುದು. ಮೂರೂ ಆಗಬೇಕು, ಇಲ್ಲವೇ ಮೂರೂ ಆಗಬಾರದು. ಪೋಸ್ಟ್‌ಗ್ರೆಸ್ ಇರಲಿ, ಮೈಎಸ್‌ಕ್ಯೂಎಲ್ ಇರಲಿ, ಇಂಥ ಡೇಟಾಬೇಸ್‌ಗಳು ಈ ಕೆಲಸವನ್ನು ದಶಕಗಳಿಂದ ಮಾಡಿಕೊಂಡು ಬಂದಿವೆ. ಮಧ್ಯದಲ್ಲಿ ಕರೆಂಟ್ ಹೋದರೂ ಅರ್ಧಂಬರ್ಧ ಉಳಿಯುವುದಿಲ್ಲ.

ಪ್ರತಿ ಕೋರಿಕೆಗೂ ಒಂದು ಚೀಟಿ ನಂಬರ್ ಕೊಡಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಬಹಳ ಹಿಂದೆ ಒಂದು ದೀಪಾವಳಿಗೆ ನಾವು ಆಟದಲ್ಲಿ ಉಡುಗೊರೆ ಪೆಟ್ಟಿಗೆ ಇಟ್ಟಿದ್ದೆವು. ನೆಟ್ವರ್ಕ್ ನಿಧಾನ ಇದ್ದ ಕಡೆ ಜನ ‘ಪಡೆಯಿರಿ’ ಗುಂಡಿಯನ್ನು ಎರಡೆರಡು ಸಲ ಒತ್ತಿದರು. ರಾತ್ರಿ ಎರಡು ಗಂಟೆಗೆ ಲಾಗ್ ತೆರೆದು ಕೂತಿದ್ದೆ. ಒಂದೇ ಆಟಗಾರ, ಒಂದೇ ಪೆಟ್ಟಿಗೆ, ಒಂದರ ಕೆಳಗೊಂದು ಎರಡು ಸಾಲು, ನಡುವೆ ಒಂದು ಸೆಕೆಂಡೂ ಇಲ್ಲ. ಎರಡೂ ಸಾಲಿನ ಮುಂದೆ ‘ಯಶಸ್ವಿ’ ಅಂತ ಇತ್ತು. ಎರಡನೆಯದು ಬಂದಾಗ “ಇದು ಆಗಲೇ ಬಂದ ಕೋರಿಕೆಯಾ?” ಅಂತ ನಾವು ಕೇಳಿಯೇ ಇರಲಿಲ್ಲ. ಗಾಬರಿಯಲ್ಲಿ ರಾತ್ರೋರಾತ್ರಿ ಜಾಸ್ತಿ ಹೋಗಿದ್ದನ್ನೆಲ್ಲ ಅಳಿಸಿ ಹಾಕಿದೆವು. ಯಾರಿಗೂ ಒಂದು ಮಾತು ಹೇಳಲಿಲ್ಲ. ಬೆಳಗ್ಗೆ ಒಬ್ಬ ಹುಡುಗ ಬರೆದಿದ್ದ: “ಅಣ್ಣಾ, ನಾನೇನು ತಪ್ಪು ಮಾಡಿದೆ? ನನ್ನ ಪೆಟ್ಟಿಗೆ ಯಾಕೆ ತಗೊಂಡ್ರಿ?” ಆ ಸಾಲು ನನಗೆ ಇವತ್ತಿಗೂ ನೆನಪಿದೆ. ತಪ್ಪು ಅವನದ್ದಲ್ಲ, ನಮ್ಮದು.

ಇನ್ನೊಂದು ಪುಸ್ತಕ ಇಡಿ, ಅದರಲ್ಲಿ ಬರೀ ಸೇರಿಸುವುದು, ಅಳಿಸುವುದು ಇಲ್ಲ. ಕಂದಾಯದ ಮ್ಯುಟೇಶನ್ ರಿಜಿಸ್ಟರ್ ಇದ್ದ ಹಾಗೆ. ಖಡ್ಗ ಹುಟ್ಟಿತು, ಇವರಿಂದ ಅವರಿಗೆ ಹೋಯಿತು, ಇಂಥ ಯುದ್ಧದಲ್ಲಿ ಗೆದ್ದಿತು, ಮುರಿಯಿತು. ನಿಮ್ಮ ಖಡ್ಗಕ್ಕೆ ಬೆಲೆ ಬರುವುದು ಇದರಿಂದಲೇ. ಬರೀ 17 ಅನ್ನುವ ನಂಬರಿಗಿಂತ “ಮೊದಲ ಕೋಟೆ ಕಾಳಗದಲ್ಲಿ ಹೆಬ್ಬಾಗಿಲು ಒಡೆದ ಖಡ್ಗ” ಅನ್ನುವುದು ದೊಡ್ಡದು. ಇದನ್ನು ಆಟದ ಒಳಗೇ ಎಲ್ಲರಿಗೂ ಓದಲು ಬಿಡಿ.

ಹಣ ಹಾಕುವವರು ಬಯಸುವ ‘ಯಾರೂ ತಿದ್ದಬಾರದು’ ಅನ್ನುವ ನಂಬಿಕೆಯನ್ನೂ ಇಲ್ಲೇ ಕೊಡಬಹುದು. ಪುಸ್ತಕದ ಪ್ರತಿ ಸಾಲಿನ ಕೊನೆಗೂ ಒಂದು ಹ್ಯಾಶ್ ಸೇರಿಸಿ. ಹ್ಯಾಶ್ ಅಂದರೆ ಆ ಸಾಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಅದನ್ನು ಲೆಕ್ಕ ಹಾಕುವಾಗ ಹಿಂದಿನ ಸಾಲಿನ ಹೆಬ್ಬೆಟ್ಟನ್ನೂ ಒಳಗೆ ಸೇರಿಸಿ. ಆಗ ಹಳೆಯ ಒಂದು ಅಕ್ಷರ ತಿದ್ದಿದರೂ ಅಲ್ಲಿಂದ ಮುಂದಿನ ಎಲ್ಲ ಹೆಬ್ಬೆಟ್ಟುಗಳೂ ತಪ್ಪುತ್ತವೆ. ಪ್ರತಿ ರಾತ್ರಿ ಕೊನೆಯ ಹೆಬ್ಬೆಟ್ಟನ್ನು ಆಟಗಾರರೆಲ್ಲ ನೋಡುವ ಕಡೆ ಹಾಕಿಬಿಡಿ, ಪುಸ್ತಕವನ್ನೂ ಇಳಿಸಿಕೊಳ್ಳಲು ಬಿಡಿ. ನೀವು ನಾಳೆ ಹಳೆಯ ಲೆಕ್ಕ ತಿದ್ದಿದರೆ ಯಾರಾದರೂ ಒಬ್ಬರು ಹಿಡಿಯುತ್ತಾರೆ. ಬ್ಲಾಕ್‌ಚೈನ್‌ನ ಒಳಗಿರುವ ಉಪಾಯಗಳಲ್ಲಿ ನಿಮಗೆ ಬೇಕಾದದ್ದು ಇದೊಂದೇ. ಇದಕ್ಕೆ ವಾಲೆಟ್ ಬೇಡ, ನಾಣ್ಯ ಬೇಡ.

ಅದೇ ರಾತ್ರಿ ಒಂದು ಎಣಿಕೆಯೂ ನಡೆಯಲಿ. ಹುಟ್ಟಿದ ಖಡ್ಗಗಳಲ್ಲಿ ಮುರಿದದ್ದನ್ನು ಕಳೆದರೆ ಎಷ್ಟು, ಆಟಗಾರರ ಬಳಿ ಇರುವುದು ಎಷ್ಟು. ಎರಡೂ ಹೊಂದದಿದ್ದರೆ ನಿಮ್ಮ ಮೂವರ ಫೋನೂ ಬಡಿದುಕೊಳ್ಳಬೇಕು. ನಕಲು ಮೂರು ವಾರ ಬಿಟ್ಟು ಸಿಕ್ಕರೆ ಅದು ಹತ್ತು ಕೈ ದಾಟಿರುತ್ತದೆ, ಮೊದಲ ರಾತ್ರಿಯೇ ಸಿಕ್ಕರೆ ಇಬ್ಬರಿಗೆ ಹೇಳಿ ಮುಗಿಸಬಹುದು.

ಕೊನೆಗೆ, ಈಗ ನಿಮ್ಮ ಮುಂದಿರುವ ಆ ಎರಡು ಖಡ್ಗಗಳು. ಎರಡನ್ನೂ ಒಟ್ಟಿಗೆ ಅಳಿಸಿಬಿಡಬೇಡಿ. ಕೊಂಡವರದ್ದನ್ನು ಮುಟ್ಟಲೇಬೇಡಿ, ಅವರು ದುಡ್ಡು ಕೊಟ್ಟು ಪಡೆದಿದ್ದಾರೆ. ಮಾರಿದವರ ಚೀಲ ವ್ಯಾಪಾರಕ್ಕಿಂತ ಮೊದಲಿನ ಸ್ಥಿತಿಗೆ ಹೋಗಿದೆ ಅಂದೆನಲ್ಲ, ಹಾಗಾದರೆ ಅವರಿಗೆ ಬರಬೇಕಾದ 400 ಹೊನ್ನೂ ಬಂದಿರುವುದಿಲ್ಲ. ಲಾಗ್ ನೋಡಿ ಇದನ್ನು ಖಚಿತ ಮಾಡಿಕೊಳ್ಳಿ. ಹಾಗೇ ಇದ್ದರೆ ಅವರಿಂದ ಖಡ್ಗ ತೆಗೆದುಕೊಳ್ಳಿ, 400 ಹೊನ್ನು ಕೊಡಿ. ಅರ್ಧಕ್ಕೆ ನಿಂತ ವ್ಯಾಪಾರವನ್ನು ನೀವು ಪೂರ್ತಿ ಮಾಡಿದ ಹಾಗಾಗುತ್ತದೆ. ಮುಟ್ಟುವ ಮೊದಲು ಇಬ್ಬರಿಗೂ ಬರೆಯಿರಿ: ಇಂಥ ರಾತ್ರಿ ಸರ್ವರ್ ಬಿತ್ತು, ತಪ್ಪು ನಮ್ಮದು, ನಿಮ್ಮದಲ್ಲ, ಹೀಗೆ ಸರಿ ಮಾಡುತ್ತಿದ್ದೇವೆ. ಹೊಸ ಪುಸ್ತಕದಲ್ಲಿ 17ನೇ ಖಡ್ಗದ ಚರಿತ್ರೆಯಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಿ, ತಾರೀಕು ಹಾಕಿ.